ಕೊಂಡ್ಲಹಳ್ಳಿ ಲಕ್ಷ್ಮಕ್ಕನ 'ಹೀ'

ಇಂಗ್ಲಿಷ್ ವ್ಯಾಕರಣದಲ್ಲಿ ಸರ್ವನಾಮದಷ್ಟು ಸುಲಭದ ಪಾಠ ಇನ್ನೊಂದಿಲ್ಲ ಎಂದು ಪುಸ್ತಕ ಬರೆದ ಪುಣ್ಯಾತ್ಮನನ್ನು ಒಂದು ದಿನ ಚಳ್ಳಕೆರೆಗೆ ಎಳೆದು ತರಬೇಕು. ಮೊದಲು ಹೆಸರು ಹೇಳು, ಆಮೇಲೆ ಅದರ ಬದಲಿಗೆ 'ಹೀ' ಅನ್ನು. ಇಷ್ಟೇ ಅವನ ಸೂತ್ರ. ಹುಡುಗರ ತಲೆಗೆ ಅದನ್ನೇ ತುರುಕುತ್ತಾ ನನ್ನ ಕೂದಲು ನೆರೆತಿದೆ. ಆ ಹೆಸರೇ ಬಾಯಿಗೆ ಬಾರದಿದ್ದರೆ ಏನು ಮಾಡಬೇಕೆಂದು ಅವನು ಒಂದು ಸಾಲೂ ಬರೆದಿಲ್ಲ.

ಅದು ಪ್ಲೇಗಿನ ವರ್ಷ. ಜ್ವರ ಬಂದವರನ್ನೆಲ್ಲ ಊರಾಚೆ ತಟ್ಟಿ ಗುಡಿಸಲುಗಳಲ್ಲಿ ಕೂಡಿಹಾಕಿದ್ದರು. ಬಂದಿದ್ದ ಡಾಕ್ಟರ್ ದೊರೆಗೆ ಅರೆಬರೆ ಕನ್ನಡ. ಶಾಲೆ ಮುಚ್ಚಿದ್ದರಿಂದ ದುಭಾಷಿ ಕೆಲಸ ನನ್ನ ಕೊರಳಿಗೆ ಬಿತ್ತು. ಜ್ವರ ಇಳಿದವರನ್ನು ಮನೆಯವರು ಹೆಸರು ಹೇಳಿ ಬಿಡಿಸಿಕೊಳ್ಳಬಹುದಿತ್ತು. ಕೇಳುವವರಿಲ್ಲದವರನ್ನು ಸಂಜೆ ಗಾಡಿಯಲ್ಲಿ ದೂರದ ದೊಡ್ಡ ಕ್ಯಾಂಪಿಗೆ ಸಾಗಿಸುತ್ತಿದ್ದರು. ಅಲ್ಲಿಂದ ತಿರುಗಿ ಬಂದವರನ್ನು ನಾನು ಕಂಡಿರಲಿಲ್ಲ.

ಲಕ್ಷ್ಮಕ್ಕ ಕೊಂಡ್ಲಹಳ್ಳಿಯಿಂದ ಒಬ್ಬಳೇ ನಡೆದು ಬಂದಿದ್ದಳು. ಸಂತೆಗೆ ಕಂಬಳಿ ಮಾರಲು ಬಂದ ಗಂಡ ಒಳಗೆ ಸಿಕ್ಕಿಕೊಂಡಿದ್ದ.

"ಗಂಡನ ಹೆಸರೇನಮ್ಮಾ?"

"ನಮ್ಮೋರು ಸ್ವಾಮಿ. ಅವ್ರನ್ನ ಬಿಟ್ಬಿಡ್ರಿ, ಜ್ವರ ಇಳಿದೈತಂತೆ."

'ಅವ್ರು' ಎಂಬುದು ದೊರೆಯ ಕಿವಿಗೆ ಬಿತ್ತು. "ಅವರು ಅಂದರೆ ಬಹುವಚನ ಅಲ್ಲವೇ? ಎಷ್ಟು ಜನ ಗಂಡಂದಿರು?" ಎಂದ. ಗೌರವಕ್ಕೆ ಹಾಗನ್ನುತ್ತೇವೆ, ಒಬ್ಬನೇ, ಹೀ ಎಂದೆ. ತಂದೆಗೂ ಕಳ್ಳನಿಗೂ ಒಂದೇ 'ಹೀ' ಹಚ್ಚುವವರಿಗೆ ಇದು ಎಲ್ಲಿ ಅರ್ಥವಾಗಬೇಕು!

"ಸರಿ, ಹೀ ಅಂದರೆ ಯಾರು?"

ಮತ್ತೆ ಅವಳ ಹತ್ತಿರ ಬಂದೆ. ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂಬುದು ನನಗೇನೂ ಹೊಸದಲ್ಲ, ನನ್ನ ಹೆಂಡತಿಗೂ ನಾನು 'ಇವ್ರೇ'. ಆದರೂ ಹೊತ್ತು ಗೊತ್ತು ಬೇಡವೇ?

"ನಮ್ಮ ದ್ಯಾವ್ರ ಹೆಸ್ರೇ ಸ್ವಾಮಿ. ಗಾದ್ರಪ್ಪ ಅಲ್ಲ, ಇನ್ನೊಂದು."

"ಪಾಲಯ್ಯನಾ?"

ಅವಳು ಹೌದೆಂಬಂತೆ ತಲೆಯಾಡಿಸಿದಳು. ದೊರೆ ನನ್ನ ಮೇಲೆ ರೇಗಿದ. ನಿನ್ನೆ ಯಾರೋ ಹೀಗೇ ತಲೆಯಾಡಿಸಿ ಬೇರೊಬ್ಬನನ್ನು ಬಿಡಿಸಿಕೊಂಡು ಹೋಗಿದ್ದರಂತೆ. ಪೂರ್ತಿ ಹೆಸರು ಅವಳ ಬಾಯಿಂದಲೇ ಬರಬೇಕು, ನೀನು ಹೇಳಿಕೊಡಕೂಡದು ಎಂದ. ನನಗೆ ಮೈಯೆಲ್ಲ ಉರಿಯಿತು. ಅವನ ಮೇಲೋ ಅವಳ ಮೇಲೋ, ಯಾರ ಮೇಲೆ ತೀರಿಸಿಕೊಳ್ಳಲಿ?

"ಒಂದು ಸಲ ಹೇಳಿ ಸಾಯಮ್ಮಾ!" ಎಂದು ಕೂಗಿಬಿಟ್ಟೆ.

"ನಾನು ಬೇಕಾದ್ರೆ ಸಾಯ್ತೀನಿ ಸ್ವಾಮಿ. ಅವ್ರು ಸಾಯಬಾರ್ದು."

ಗಾಡಿಗೆ ಎತ್ತು ಹೂಡಿದರು. ಒಳಗಿದ್ದವರನ್ನು ಒಬ್ಬೊಬ್ಬರಾಗಿ ಹತ್ತಿಸತೊಡಗಿದರು. ಲಕ್ಷ್ಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನೋಡುತ್ತಾ ನಿಂತಳು. ಗಾಡಿ ಕದಲಿತು. ಬಾಯಿಂದ ಸೆರಗು ಕಿತ್ತು, "ದೊಡ್ಡಪಾಲಯ್ಯಾ! ದೊಡ್ಡಪಾಲಯ್ಯಾ!" ಎಂದು ಊರೇ ಕೇಳುವಂತೆ ಚೀರಿದಳು.

ದೊರೆ ಕೈಯೆತ್ತಿ ಗಾಡಿ ನಿಲ್ಲಿಸಿದ. ಸೊರಗಿದ ಆಳೊಬ್ಬ ಇಳಿದು ಅವಳೆದುರು ಬಂದು ನಿಂತ.

"ನಾನಿನ್ನೂ ಬದುಕಿದೀನಲ್ಲೇ. ಯಾಕೆ ಹೆಸ್ರು ಹಿಡಿದೆ?"

ಏನಂದ ಎಂದು ದೊರೆ ಕೇಳಿದ. ಹೆಂಡತಿ ಬಂದದ್ದಕ್ಕೆ ಸಂತೋಷಪಡುತ್ತಿದ್ದಾನೆ ಎಂದು ಹಸಿ ಸುಳ್ಳು ಹೇಳಿದೆ.

ದೊಡ್ಡಪಾಲಯ್ಯ ತಿರುಗಿ ನೋಡದೆ ಹೊರಟ. ಅವಳು ನನ್ನ ಕಾಲಿಗೆ ಬಿದ್ದು ಎದ್ದಳು.

"ಅವ್ರು ಇನ್ನೆಷ್ಟು ದಿನ ಇರ್ತಾರೆ ಸ್ವಾಮಿ?"

"ನೀನೇ ಕಣಮ್ಮಾ ಅವನನ್ನ ಬದುಕಿಸಿದ್ದು!" ಎಂದು ಕಿರುಚಿದೆ. ಅವಳು ನಂಬಲಿಲ್ಲ. ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡು ಅವನ ಹಿಂದೆ ನಡೆದಳು.