ತಮ್ಮನ ತಪ್ಪೊಪ್ಪಿಗೆ

ಜೈಲಿನ ಗೇಟಿನ ಹೊರಗೇ ವಕೀಲೆ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಎರಡು ಸರ್ಕಾರಗಳು ಕೈದಿಗಳನ್ನು ಅದಲುಬದಲು ಮಾಡಿಕೊಳ್ಳಲಿವೆ. ನನ್ನ ತಮ್ಮನನ್ನೂ ಆ ಇನ್ನೊಂದು ದೇಶಕ್ಕೆ ಕಳಿಸುತ್ತಾರೆ. ಆದರೆ ಕ್ಷಮಾದಾನ ಸಿಗಬೇಕಾದರೆ ಮೊದಲು ತಪ್ಪೊಪ್ಪಿಕೊಳ್ಳಬೇಕು. ಬಂದರಿನಲ್ಲಿ ಹಡಗುಗಳ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು, ತಾನು ಆ ದೇಶದ ಗೂಢಚಾರನಾಗಿದ್ದೆ ಎಂದು ಸಹಿ ಹಾಕಬೇಕು. ಮುಂದೆ ಮನೆಯವರು ಯಾರ ಎದುರಿಗಾದರೂ ಅವನು ನಿರಪರಾಧಿ ಎಂದರೆ ಕ್ಷಮಾದಾನ ರದ್ದು. ಅವನು ಎಲ್ಲಿದ್ದರೂ ವಾರಂಟು ಹೊರಡುತ್ತದೆ.

"ಸಹಿ ಹಾಕದೇ ಇದ್ರೆ?"

"ಇನ್ನೂ ಹನ್ನೊಂದು ವರ್ಷ ಇಲ್ಲೇ, ಅಮ್ಮಾ. ಅವರ ಎದೆಯ ಎಕ್ಸ್‌ರೇ ನೀವೂ ನೋಡಿದ್ದೀರಲ್ಲ."

ಭೇಟಿಯ ಕೋಣೆಯಲ್ಲಿ ಕಬ್ಬಿಣದ ಸ್ಟೂಲು ತಣ್ಣಗಿತ್ತು. ಕಾವಲುಗಾರ ತನ್ನ ಸ್ವೆಟರನ್ನು ಮಡಚಿ ಅದರ ಮೇಲೆ ಹಾಕಿ, ಕಿಟಕಿಯ ಕಡೆ ತಿರುಗಿ ನಿಂತ.

"ಏನಕ್ಕಾ, ಕೂದಲು ಪೂರ್ತಿ ಬೆಳ್ಳಗಾಯ್ತಲ್ಲ!" ಎಂದ ತಮ್ಮ.

"ನಿನ್ನ ತಲೇಲಿ ಬೆಳ್ಳಗಾಗೋಕೂ ಏನೂ ಉಳಿದಿಲ್ಲ, ಸುಮ್ನಿರು."

ನಕ್ಕ. ನಗು ಕೆಮ್ಮಾಯಿತು. ನಿಲ್ಲುವವರೆಗೆ ಕಾದೆ.

"ಮಾಡದೇ ಇರೋದನ್ನ ಮಾಡ್ದೆ ಅಂತ ಹೇಗಕ್ಕಾ ಬರ್ಕೊಡ್ಲಿ?"

"ನೀನು ಮಾಡಿಲ್ಲ ಅಂತ ನಂಗೆ ಗೊತ್ತು ಕಣೋ."

"ಜನಕ್ಕೆ ಏನು ಹೇಳ್ತೀಯ?"

"ಅದು ನನ್ನ ತಲೆನೋವು. ನೀನು ಹೋಗಿ ಮೊದ್ಲು ಡಾಕ್ಟರಿಗೆ ತೋರಿಸ್ಕೊ."

"ಅಲ್ಲಿ ನಂಗೆ ಯಾರಿದ್ದಾರೆ?"

"ಇಲ್ಲಿ ಯಾರಿದ್ದಾರೆ, ನನ್ನ ಬಿಟ್ರೆ? ನಾನೇನು ಹನ್ನೊಂದು ವರ್ಷ ಗೂಟ ಹೊಡ್ಕೊಂಡು ಕೂತಿರ್ತೀನಾ?"

ವಕೀಲೆ ಒಳಗೆ ಬಂದು ಕಾಗದ ಮುಂದಿಟ್ಟಳು. ಸಹಿ ಹಾಕಿದ. ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ವಕೀಲೆ ಪೆನ್ನಿಗೆ ಮುಚ್ಚಳ ಹಾಕುವುದನ್ನು ನೋಡುತ್ತಾ ಕುಳಿತಿದ್ದೆ.

ವಾರ ಕಳೆದ ಮೇಲೆ ಅವನನ್ನು ಟಿವಿಯಲ್ಲಿ ನೋಡಿದೆ. ವಿಮಾನದಿಂದಿಳಿದವನ ಕೈಗೆ ಆ ದೇಶದ ಯಾರೋ ಮಂತ್ರಿ ಹೂಗುಚ್ಛ ತುರುಕಿದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅತ್ತಿತ್ತ ನೋಡಿದ. ಕೆಳಗೆ ದಪ್ಪಕ್ಷರದಲ್ಲಿ ಬಂತು: ತಪ್ಪೊಪ್ಪಿಕೊಂಡ ಗೂಢಚಾರ. ಟಿವಿ ಆರಿಸಿ ಲೋಟ ತೊಳೆದಿಟ್ಟೆ.

ಮರುದಿನ ಕೆಳಗಿನ ಮನೆಯ ಟೈಲರ್ ಹೆಂಗಸು ಬಂದಳು. ಅವನು ಜೈಲಿಗೆ ಹೋದಾಗಿನಿಂದ ಇಡೀ ಕಟ್ಟಡದಲ್ಲಿ ನನ್ನ ಜೊತೆ ಮಾತು ಬಿಡದವಳು ಇವಳೊಬ್ಬಳೇ. ನನ್ನ ತಮ್ಮನ ಪರವಾಗಿ ಎಷ್ಟು ಜನರ ಜೊತೆ ಜಗಳವಾಡಿದ್ದಳೋ!

"ಬಲವಂತವಾಗಿ ಸಹಿ ಹಾಕಿಸ್ಕೊಂಡಿದ್ದಾರೆ, ಅಲ್ವಾ ಅಕ್ಕಾ? ನೀವು ಹ್ಞೂಂ ಅನ್ನಿ ಸಾಕು, ಎಲ್ಲರ ಬಾಯಿ ಮುಚ್ಚಿಸ್ತೀನಿ."

ಖಂಡಿತ ಮುಚ್ಚಿಸುತ್ತಿದ್ದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

"ಇಲ್ಲಮ್ಮ. ಅವನು ಮಾಡಿದ್ದು ನಿಜ," ಎಂದೆ. ನನ್ನ ದನಿ ಹಾಲಿನ ಲೆಕ್ಕ ಹೇಳುವಷ್ಟು ಸಲೀಸಾಗಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ನಂತರ ಬಾಗಿಲ ಬಳಿಯಿದ್ದ ನನ್ನ ಕಸದ ಚೀಲವನ್ನು ಎಂದಿನಂತೆ ಎತ್ತಿಕೊಂಡು ಮೆಟ್ಟಿಲಿಳಿದಳು.