ಮುತ್ತಲಗಟ್ಟಿಯ ನೀರಿನ ಕೀಲಿ

ನಾನು ಒಂದು ಕಬ್ಬಿಣದ ಕೀಲಿ. ಕೀಲಿ ಎಂದ ಕೂಡಲೇ ಸೊಂಟದ ಗೊಂಚಲಿನಲ್ಲಿ ಕಿಣಿಕಿಣಿ ಎನ್ನುವ ಚಿಕ್ಕದನ್ನು ನೆನೆಯಬೇಡಿ. ನೆಟ್ಟಗೆ ನಿಂತರೆ ನಾನು ಆಳಿನ ಎದೆಯವರೆಗೆ ಬರುತ್ತೇನೆ. ಮೇಲೆ ಎರಡೂ ಕೈಯಿಂದ ಹಿಡಿಯಲು ಒಂದು ಅಡ್ಡಹಿಡಿ, ಕೆಳಗೆ ಚೌಕನೆಯ ಬಾಯಿ. ನೆಲದೊಳಗಿನ ಗುಂಡಿಯಲ್ಲಿ ಕುಳಿತ ವಾಲ್ವಿನ ತಲೆಗೆ ಆ ಬಾಯಿ ತೊಡಿಸಿ ತಿರುಗಿಸಿದರೆ ಟ್ಯಾಂಕಿನ ನೀರು ಓಣಿಗೆ ಹರಿಯುತ್ತದೆ. ಯಾವ ಓಣಿಗೆ ಎಷ್ಟು ಎಂಬುದು ನನ್ನನ್ನು ಹಿಡಿದವರ ಮನಸ್ಸು.

ನಾನು ಹುಟ್ಟಿದ್ದು ತಾಲ್ಲೂಕು ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಕುಲುಮೆಯಲ್ಲಿ. ಮುರಿದು ಬಿದ್ದಿದ್ದ ಲಾರಿಯ ಅಚ್ಚನ್ನು ಕಾಯಿಸಿ, ಬಡಿದು, ಬೆಸೆದು ನನ್ನನ್ನು ಮಾಡಿದರು. ಮಾಡಿಸಿದ್ದು ನೀರಿನ ಇಲಾಖೆ. ಅಲ್ಲಿಂದ ಸೀದಾ ಇಲಾಖೆಯ ಕಚೇರಿಗೆ ಹೋದೆ. ಬಾಗಿಲ ಹಿಂದಿನ ಮೂಲೆ ನನ್ನ ಜಾಗವಾಯಿತು.

ಇಲಾಖೆಯ ನೌಕರನೊಬ್ಬ ಮೂರು ದಿನಕ್ಕೊಮ್ಮೆ ನನ್ನನ್ನು ಬೈಕಿಗೆ ಕಟ್ಟಿಕೊಂಡು ಮುತ್ತಲಗಟ್ಟಿಗೆ ಹೋಗುತ್ತಿದ್ದ. ಊರಿನ ಹೆಣ್ಣುಮಕ್ಕಳು ಗುಂಡಿಯ ಸುತ್ತ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದರು. 'ಇನ್ನೊಂಚೂರು ಬಿಡ್ರಿ ಸಾಹೇಬ್ರ' ಎಂದು ಕೈ ಮುಗಿಯುತ್ತಿದ್ದರು. ಅವನು ಗಡಿಯಾರ ನೋಡಿಕೊಂಡು ನನ್ನನ್ನು ತಿರುಗಿಸುತ್ತಿದ್ದ. ಅವನಿಗೆ ಜ್ವರ ಬಂದರೆ ಊರಿಗೆ ನೀರಿಲ್ಲ. ಅವನ ಮನೆಯಲ್ಲಿ ಮದುವೆ ಇದ್ದರೆ ಊರಿಗೆ ನೀರಿಲ್ಲ. ಊರಿನ ತುದಿಯ ದಿಬ್ಬದ ಮೇಲೆ ಚಲವಾದಿ ಓಣಿ ಇತ್ತು. ಅಲ್ಲಿಗೆ ನೀರು ಏರುವ ಮೊದಲೇ ಅವನು ವಾಲ್ವು ಮುಚ್ಚಿ ಊರು ದಾಟಿರುತ್ತಿದ್ದ.

ಒಂದು ದಿನ ಕಚೇರಿಯ ಮುಂದೆ ಬಿಳಿ ಜೀಪು ಬಂದು ನಿಂತಿತು. ಅದರಿಂದ ಇಳಿದವಳು ವಿನುತಾ ಎಂಬ ಹೆಣ್ಣುಮಗಳು. ಹೊರದೇಶದ ಸಂಸ್ಥೆಯೊಂದು ನಮ್ಮ ಸರ್ಕಾರಕ್ಕೆ ನೀರಿನ ಕೆಲಸಕ್ಕೆಂದು ಹಣ ಕೊಡುತ್ತಿತ್ತು. ನಮ್ಮ ಜಿಲ್ಲೆಗೆ ಆ ಸಂಸ್ಥೆಯ ಅಧಿಕಾರಿ ಅವಳೇ. ಊರ ನೀರು ಊರಿನವರೇ ಆರಿಸಿದ ಪಂಚಾಯಿತಿಯ ಕೈಯಲ್ಲಿರಬೇಕು, ಆಗಲೇ ಹಣ ಎಂಬುದು ಅವರ ಷರತ್ತು.

ಇಲಾಖೆಯ ಸಾಹೇಬರಿಗೆ ಇದು ಹಿಡಿಸಲಿಲ್ಲ. 'ಇವತ್ತು ಕೀಲಿ ಕೊಡ್ತೀರಿ ಮೇಡಂ, ನಾಳೆ ತಲಿ ಒಡಕೊಂತಾರ' ಎಂದರು.

'ಜಗಳ ಆಡಲಿ ಸರ್' ಎಂದು ವಿನುತಾ ನಕ್ಕಳು. 'ಅವರ ಊರು. ಅವರೇ ಜಗಳ ಆಡಿ ಅವರೇ ಸರಿ ಮಾಡ್ಕೊಳ್ತಾರೆ. ನಾವು ಸ್ವಲ್ಪ ತಾಳಬೇಕು ಅಷ್ಟೆ.'

ಬಾಗಿಲ ಹಿಂದೆ ನಿಂತು ನಾನು ಆ ಮಾತು ಕೇಳಿಸಿಕೊಂಡೆ. ಕಬ್ಬಿಣಕ್ಕೆ ಎದೆ ಇರುವುದಾದರೆ ಅಂದು ನನ್ನ ಎದೆ ತುಂಬಿತ್ತು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ನನಗೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ತೊಡಿಸಿದರು. ಪಂಚಾಯಿತಿಯ ಅಧ್ಯಕ್ಷೆ ಹುಲಿಗೆವ್ವ ಚಲವಾದಿ ಓಣಿಯವಳು. ಕೂಲಿ ಮಾಡಿ ಬದುಕಿದವಳು, ಮೊದಲ ಸಲ ಆರಿಸಿ ಬಂದಿದ್ದಳು. ವೇದಿಕೆ ಹತ್ತುವ ಮೊದಲು ಚಪ್ಪಲಿ ಕೆಳಗೇ ಬಿಟ್ಟಳು. ವಿನುತಾ ನನ್ನನ್ನು ಅವಳ ಎರಡೂ ಕೈಗೆ ಕೊಟ್ಟು, 'ಇದು ಇನ್ನು ನಿಮ್ಮದು. ಯಾರೂ ನಿಮ್ಮಿಂದ ಕಸಿಯೋದಿಲ್ಲ' ಎಂದಳು. ಹುಲಿಗೆವ್ವ ನನ್ನನ್ನು ಎದೆಗೆ ಒತ್ತಿಕೊಂಡು ನಿಂತಳು. ಅವಳ ಅಂಗೈ ನನ್ನಷ್ಟೇ ಒರಟಾಗಿತ್ತು.

ಅಲ್ಲಿಂದ ನನ್ನ ಒಳ್ಳೆಯ ದಿನಗಳು. ಪಂಚಾಯಿತಿಯವರು ಮರ್ದಾನಸಾಬನನ್ನು ನೀರು ಬಿಡಲು ನೇಮಿಸಿದರು. ತೆಳ್ಳಗಿನ ಆಳು, ಮಾತು ಕಡಿಮೆ. ನನ್ನ ಬಾಯಿಗೆ ಎಣ್ಣೆ ಹಚ್ಚಿ ಒರೆಸಿಯೇ ಗುಂಡಿಗೆ ಇಳಿಸುತ್ತಿದ್ದ. ಮೊದಲು ದಿಬ್ಬದ ಓಣಿಗೆ, ಆಮೇಲೆ ತಗ್ಗಿನ ಓಣಿಗಳಿಗೆ ಎಂದು ಗ್ರಾಮಸಭೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಸುಲಭಕ್ಕೆ ಆಗಲಿಲ್ಲ. ಪೇಟೆ ಓಣಿಯವರು ಕೂಗಾಡಿದರು. ಆ ಓಣಿಯ ಕಾಳಿನ ವ್ಯಾಪಾರಿ ಅಂದಾನಪ್ಪ ಚುನಾವಣೆಯಲ್ಲಿ ಸೋತವನು. 'ಹೆಣ್ಮಕ್ಕಳ ರಾಜ್ಯ ಆತು' ಎಂದು ಎದ್ದು ಹೋದ. ಮುಂದಿನ ಸಭೆಗೆ ತಾನೇ ಬಂದು ಕುಳಿತ. ಬಾರದಿದ್ದರೆ ತನ್ನ ಓಣಿಯ ಮಾತು ಎತ್ತುವವರು ಯಾರು?

ಚಲವಾದಿ ಓಣಿಗೆ ಮೊದಲ ಸಲ ನೀರು ಏರಿದಾಗ ಒಬ್ಬ ಮುದುಕಿ ನಲ್ಲಿಯ ಕೆಳಗೆ ಕೈ ಇಟ್ಟು ಸುಮ್ಮನೆ ಕುಳಿತುಬಿಟ್ಟಳು. ಕೊಡ ತರಬೇಕೆಂಬುದೇ ಅವಳಿಗೆ ಮರೆತಿತ್ತು. ಅದು ನಾನು ಕಣ್ಣಾರೆ ಕಂಡದ್ದಲ್ಲ. ಹುಲಿಗೆವ್ವ ಮರ್ದಾನಸಾಬನಿಗೆ ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದನ್ನು ಮಾತ್ರ ಕಂಡೆ.

ಆಮೇಲೆ ಎರಡನೆಯ ಟ್ಯಾಂಕಿಗೆ ಹಣ ಬಂತು. ಕಷ್ಟ ಹುಟ್ಟಿದ್ದೇ ಅಲ್ಲಿ. ಟ್ಯಾಂಕು ಎಲ್ಲಿ ಕಟ್ಟಬೇಕು? ದಿಬ್ಬದ ಮೇಲೆ ಎಂದು ಒಬ್ಬರು, ಪೇಟೆ ಓಣಿಯ ಹತ್ತಿರ ಎಂದು ಇನ್ನೊಬ್ಬರು. ಗ್ರಾಮಸಭೆ ಒಮ್ಮೆ ಮುರಿಯಿತು, ಮತ್ತೊಮ್ಮೆ ಮುರಿಯಿತು. ಹೊರದೇಶದಿಂದ ಬಂದ ಸಂಸ್ಥೆಯ ಹಿರಿಯರು ನೋಡಲು ಕುಳಿತಿದ್ದ ದಿನವೇ ಯಾರೋ ಕುರ್ಚಿ ಎತ್ತಿ ಎಸೆದರು. ಬಂದವರು ಕಿರುನಗೆಯನ್ನು ಮುಖದಲ್ಲಿ ಉಳಿಸಿಕೊಂಡೇ ಜೀಪು ಹತ್ತಿದರು.

ಸ್ವಲ್ಪ ದಿನಕ್ಕೆ ವಿನುತಾ ಒಬ್ಬಳೇ ಬಂದಳು. ಪಂಚಾಯಿತಿ ಕಚೇರಿಯಲ್ಲಿ ಹುಲಿಗೆವ್ವನ ಎದುರು ಕುಳಿತಳು. ನಾನು ಇಬ್ಬರ ನಡುವೆ ಗೋಡೆಗೆ ಒರಗಿದ್ದೆ.

'ಊರಲ್ಲಿ ಒಂದು ಜಲ ಸಮಿತಿ ಮಾಡೋಣ ಅಂತ ನಮ್ಮ ಮೇಲಿನವರು ಹೇಳಿದ್ದಾರೆ' ಎಂದಳು. 'ರಾಜಕೀಯ ಇಲ್ಲದ ಸಮಿತಿ. ಹಣ ನೇರ ಅದಕ್ಕೇ ಬರುತ್ತೆ. ಟ್ಯಾಂಕು, ಪೈಪು, ನೀರು ಬಿಡೋದು ಎಲ್ಲ ಸಮಿತಿ ನೋಡ್ಕೊಳ್ಳುತ್ತೆ.'

'ಸಮಿತ್ಯಾಗ ಯಾರ್ ಇರ್ತಾರ್ರಿ?'

'ಅಂದಾನಪ್ಪನವರು ಅಧ್ಯಕ್ಷರಾಗೋಕೆ ಒಪ್ಪಿದ್ದಾರೆ. ಓದು ಬರಹ ಗೊತ್ತು, ವ್ಯವಹಾರ ಗೊತ್ತು.'

ಹುಲಿಗೆವ್ವ ನನ್ನ ಅಡ್ಡಹಿಡಿಯ ಮೇಲೆ ಕೈ ಇಟ್ಟಳು. ಆಮೇಲೆ, 'ಮೇಡಂ, ನಾವು ಜಗಳ ಆಡಿದ್ದು ಖರೆ' ಎಂದಳು. 'ಆಡಿ ಆಡಿ ಒಂದ್ ಹಾದಿಗೆ ಬರಾಕತ್ತಿದ್ವಿ. ಪ್ಯಾಟಿ ಓಣ್ಯಾವ್ರು ಅರ್ಧ ಒಪ್ಪ್ಯಾರ. ಇನ್ನೊಂದೆರಡು ತಿಂಗಳ ತಡೀರಿ.'

'ನನ್ನ ಕೈಲಿಲ್ಲ ಹುಲಿಗೆವ್ವ. ಮಾರ್ಚ್ ಒಳಗೆ ಕೆಲಸ ಶುರುವಾಗದಿದ್ರೆ ಹಣ ವಾಪಸ್ ಹೋಗುತ್ತೆ.'

'ಹೋದ್ರ ಹೋಗ್ಲಿ ಬಿಡ್ರಿ. ಆ ಟ್ಯಾಂಕ್ ಇಲ್ದ ಇಷ್ಟ ದಿನ ಬದುಕಿಲ್ಲೇನು? ಕೀಲಿ ಒಂದ್ ನಮ್ಮ ಕೈಯಾಗ ಬಿಡ್ರಿ.'

ವಿನುತಾ ನನ್ನ ಕಡೆ ನೋಡಿದಳು, ತಟ್ಟನೆ ಕಣ್ಣು ಬೇರೆಡೆಗೆ ಹೊರಳಿಸಿದಳು. 'ಕೀಲಿ ಸಮಿತಿಗೆ ಕೊಡಲೇಬೇಕು. ಒಪ್ಪಂದದಲ್ಲಿ ಹಾಗೇ ಇದೆ.'

'ನೀವ ಕೊಟ್ರಿ. ನೀವ ಇಸಗೊಂತೀರಿ' ಎಂದಳು ಹುಲಿಗೆವ್ವ. ದನಿ ಏರಲಿಲ್ಲ. 'ಹಂಗಾರ ಅದು ನಮ್ಮದು ಆಗಿದ್ದು ಯಾವಾಗ್ರಿ?'

ವಿನುತಾ ಕಾಗದ ಜೋಡಿಸಿಕೊಂಡು ಎದ್ದಳು. ಮರ್ದಾನಸಾಬ ನನ್ನನ್ನು ಹೆಗಲಿಗೆ ಹಾಕಿಕೊಂಡು ಅಂದಾನಪ್ಪನ ಅಂಗಡಿಗೆ ನಡೆದ. ಅಂದು ಅವನು ನನ್ನನ್ನು ಒರೆಸಲಿಲ್ಲ. ಅಂಗಡಿಯ ಮೂಟೆಗಳ ಸಂದಿಯಲ್ಲಿ ಒರಗಿಸಿ, ತಿರುಗಿ ನೋಡದೆ ಹೊರಟುಹೋದ.

ಇಲಾಖೆಯವರ ಮೂಲೆಯಲ್ಲಿ ನಿಂತಾಗ ನನಗೆ ನೋವಿರಲಿಲ್ಲ. ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಯಾರು ಮಾತು ಕೊಟ್ಟಿದ್ದರೋ ಅವರೇ ಕಸಿದದ್ದು ನನ್ನನ್ನು ಸುಟ್ಟಿತು.

ಟ್ಯಾಂಕು ಪೇಟೆ ಓಣಿಯ ಪಕ್ಕದಲ್ಲಿ ಬೇಗನೆ ಎದ್ದಿತು. ಬಣ್ಣ ಬಳಿದರು, ಸಂಸ್ಥೆಯ ಹೆಸರು ಬರೆದರು. ನೋಡಲು ಬಸ್ಸುಗಳಲ್ಲಿ ಜನ ಬಂದರು. ಅಂದಾನಪ್ಪ ನನ್ನನ್ನು ಹಿಡಿದು ಫೋಟೋಗೆ ನಿಂತ. ಅವನು ಕೆಟ್ಟವನೇನಲ್ಲ. ನೀರನ್ನು ಕದ್ದವನೂ ಅಲ್ಲ. ಆದರೆ ಅವನನ್ನು ಕೇಳುವವರು ಊರಿನಲ್ಲಿ ಇರಲಿಲ್ಲ. ದಿಬ್ಬಕ್ಕೆ ನೀರು ಏರುತ್ತಿಲ್ಲ ಎಂದು ಆ ಓಣಿಯವರು ಬಂದು ಕೇಳಿದರೆ, 'ನನ್ನನ್ನ ನೀವು ಆರಿಸೀರೇನು? ಮೇಡಂನ ಕೇಳ್ರಿ' ಎನ್ನುತ್ತಿದ್ದ. ಗ್ರಾಮಸಭೆಗೆ ಜನ ಬರುವುದು ಕಡಿಮೆಯಾಯಿತು. ಕೈಯಲ್ಲಿ ಏನೂ ಇಲ್ಲದ ಪಂಚಾಯಿತಿಯ ಮುಂದೆ ಯಾರು ತಾನೇ ಜಗಳ ಆಡುತ್ತಾರೆ?

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಆ ದೂರದ ದೇಶದಲ್ಲಿ ಸರ್ಕಾರ ಬದಲಾಯಿತಂತೆ, ಹಣ ಬೇರೆ ಕಡೆ ಹೋಯಿತಂತೆ. ಸಂಸ್ಥೆ ಕಚೇರಿ ಮುಚ್ಚಿತು. ಮುಚ್ಚುವ ಮೊದಲು ನಗರದಲ್ಲಿ ದೊಡ್ಡ ಸಮಾರಂಭ. ನೆನಪಿಗಾಗಿ ಮುತ್ತಲಗಟ್ಟಿಯ ಕೀಲಿಯೇ ಬೇಕೆಂದರು. ಬದಲಿಗೆ ಹೊಸದೊಂದು ಕಳಿಸುತ್ತೇವೆ ಎಂದು ಅಂದಾನಪ್ಪನಿಗೆ ಹೇಳಿ ನನ್ನನ್ನು ಜೀಪಿಗೆ ಹಾಕಿಕೊಂಡರು. ನಗರದಲ್ಲಿ ನನ್ನ ತುಕ್ಕು ಉಜ್ಜಿ ಬಂಗಾರದ ಬಣ್ಣ ಬಳಿದರು. ಸಮಾರಂಭ ಮುಗಿದ ಮೇಲೆ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಕೇಂದ್ರವೊಂದರ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಕೆಳಗೆ ಫಲಕ: 'ಅಧಿಕಾರ ಜನರ ಕೈಗೆ.'

ಈ ಗೋಡೆಯ ಮೇಲೆ ನಾನು ಮುದುಕನಾದೆ. ಮೊನ್ನೆ ಒಂದು ದಿನ ತರಬೇತಿಗೆ ಬಂದವರ ನಡುವೆ ಹುಲಿಗೆವ್ವ ಇದ್ದಳು. ಕೂದಲು ಬೆಳ್ಳಗಾಗಿತ್ತು. ಮತ್ತೆ ಸದಸ್ಯೆಯಾಗಿ ಆರಿಸಿ ಬಂದಿದ್ದಳಂತೆ. ಬಂಗಾರದ ಬಣ್ಣದಲ್ಲೂ ನನ್ನನ್ನು ಗುರುತಿಸಿದಳು. ಹತ್ತಿರ ಬಂದು ಅಡ್ಡಹಿಡಿಯನ್ನು ಮುಟ್ಟಿ ನೋಡಿದಳು.

ಪಾಠ ಮಾಡಲು ಬಂದವಳು ವಿನುತಾ. ಊರಿನ ಆಡಳಿತ ಊರಿಗೇ ಸಿಗಲು ಹಣ ಕೊಡುವ ಸಂಸ್ಥೆಗಳು ಹೇಗೆ ನೆರವಾಗಬೇಕು ಎಂಬುದೇ ಅಂದಿನ ವಿಷಯ. ಆರಿಸಿ ಬಂದವರನ್ನು ದಾಟಿ ಹಣ ಹರಿಸಬಾರದು, ಅವರ ನಿಧಾನಕ್ಕೆ ನಾವು ತಾಳಬೇಕು, ತಪ್ಪು ಮಾಡಿ ಕಲಿಯಲು ಬಿಡಬೇಕು ಎಂದಳು. ಎಲ್ಲ ಸರಿಯಾದ ಮಾತೇ. ಹೇಳುತ್ತಾ ಹೇಳುತ್ತಾ ಎರಡನೆಯ ಸಾಲಿನಲ್ಲಿ ಕುಳಿತವಳನ್ನು ಕಂಡಳು. ಕೈಯಲ್ಲಿದ್ದ ಹಾಳೆ ಮಡಿಚಿಟ್ಟಳು.

ಊಟದ ಬಿಡುವಿನಲ್ಲಿ ಇಬ್ಬರೂ ನನ್ನ ಕೆಳಗೆ ನಿಂತರು.

'ನಾನು ಅವತ್ತು ಮೇಲಿನವರಿಗೆ ಬರೆದಿದ್ದೆ ಹುಲಿಗೆವ್ವ' ಎಂದಳು ವಿನುತಾ. 'ಇವರಿಗೆ ಸಮಯ ಕೊಡಿ ಅಂತ. ಅವರು ಕೇಳಲಿಲ್ಲ.'

'ಅವರಿಗೆ ಬರದ್ರಿ. ನಮಗ ಹೇಳಲಿಲ್ಲಲ್ರಿ. ಹೇಳಿದ್ರ ಊರಿಗೆ ಊರ ಬಂದು ನಿಮ್ಮ ಆಫೀಸ್ ಮುಂದ ಕುಂದ್ರತಿದ್ವಿ. ಅಂದಾನಪ್ಪನೂ ಬರ್ತಿದ್ದ.'

ವಿನುತಾ ತಲೆ ತಗ್ಗಿಸಿದಳು. 'ಈಗ ನೀರು ಬರುತ್ತಾ?'

'ಹೊಸ ಕೀಲಿ ಬರ್ತೈತಿ ಅಂತ ಕಾಯ್ದ್ವಿ, ಬರಲಿಲ್ಲ. ಮರ್ದಾನಸಾಬ ಪಾನಾ ಹಾಕಿ ತಿರುವಿ ತಿರುವಿ ವಾಲ್ವಿನ ತಲಿ ಸವದು ಹೋತು. ಇಲಾಖೆಗೆ ಹೋದ್ರ ಸಮಿತಿಗೆ ಕೊಟ್ಟೀವಿ ಅಂದ್ರು. ಸಮಿತಿ ಎಲ್ಲೈತಿ? ಕಡೀಕ ಪಂಚಾಯ್ತ್ಯಾಗ ಬಡದಾಡಿ ಬ್ಯಾರೆ ವಾಲ್ವ್ ಕುಂದ್ರಿಸೀವಿ. ಪ್ಯಾಟಿ ಓಣಿತನಕ ಬರ್ತೈತಿ. ಟ್ಯಾಂಕ್ ತಗ್ಗಿನಾಗ ಐತಿ, ನಮ್ಮ ಓಣಿಗೆ ಇನ್ನೂ ಏರಂಗಿಲ್ಲ.'

'ಈ ಕೀಲಿನ ನಿಮಗೆ ವಾಪಸ್ ಕೊಡಿಸಲಾ?' ಎಂದಳು ವಿನುತಾ.

ಮತ್ತೆ ಆ ಒರಟು ಕೈಗಳು, ಮಣ್ಣಿನ ಗುಂಡಿ, ಪೈಪಿನೊಳಗೆ ನೀರು ನುಗ್ಗುವ ಸದ್ದು!

ಹುಲಿಗೆವ್ವ ನನ್ನ ಬಾಯಿಯೊಳಗೆ ಬೆರಳು ಹಾಕಿ ನೋಡಿದಳು.

'ಬ್ಯಾಡ್ರಿ. ಹೊಸ ವಾಲ್ವಿನ ತಲಿ ಸಣ್ಣದೈತಿ. ಇದರ ಬಾಯಿ ಕೂಡಂಗಿಲ್ಲ.'

ಸೆರಗಿಗೆ ಕೈ ಒರೆಸಿಕೊಂಡು ಊಟದ ಸಾಲಿನ ಕಡೆಗೆ ನಡೆದಳು. ಅವಳ ಬೆರಳಿಗೆ ಅಂಟಿದ ಬಂಗಾರದ ಬಣ್ಣದ ಪುಡಿ ಸೆರಗಿನ ಅಂಚಿಗೆ ಹತ್ತಿತ್ತು. ವಿನುತಾ ಇನ್ನೂ ಅಲ್ಲೇ ನಿಂತಿದ್ದಳು.

ನನಗೆ ಈಗ ಯಾರ ಮೇಲೂ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಕೊಡುವವರು ಒಳ್ಳೆಯವರೇ ಇದ್ದರು. ಕೊಟ್ಟ ಮೇಲೆ ಹಿಡಿತ ಬಿಡುವುದು ಮಾತ್ರ ಅವರಿಗೆ ಬರಲಿಲ್ಲ. ನಾಳೆ ಮತ್ತೊಂದು ತಂಡ ಬರುತ್ತದೆ. ಬಂದವರು ನನ್ನ ಕೆಳಗಿನ ಫಲಕ ಓದುತ್ತಾರೆ, ತಲೆದೂಗುತ್ತಾರೆ, ಚಹಾ ಕುಡಿಯಲು ಹೋಗುತ್ತಾರೆ. ದಿಬ್ಬದ ಓಣಿಯಲ್ಲಿ ಯಾರೋ ಕೊಡ ಹೊತ್ತುಕೊಂಡು ಇಳಿಯುತ್ತಿರುತ್ತಾರೆ.