ಪರಮೇಶ ಸ್ವಾಮಿಯ ನಡುಕ

ಬಿಟ್ಟ ಮೇಲೆ ಬುದ್ಧಿ ಹೋಯ್ತು, ಅಟ್ಟ ಮೇಲೆ ಒಲೆ ಉರೀತು. ಗಾದೆ ಹೀಗಲ್ಲ ಅಂತ ನನಗೂ ಗೊತ್ತು, ತಿದ್ದೋಕೆ ಬರಬೇಡಿ. ಪರಮೇಶನ ಮಟ್ಟಿಗೆ ಅದು ಹೀಗೇ. ನಿಜವಾಗಿ ನಡೆದದ್ದನ್ನೇ ಹೇಳ್ತೀನಿ, ಒಗ್ಗರಣೆ ಹಾಕೋದಿಲ್ಲ.

ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಪರಮೇಶ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹುಯ್ಯುವವನು. ಅವನ ಊರು ಭದ್ರಾವತಿ, ಅವನು ಭದ್ರವಾಗಿ ನಿಂತದ್ದನ್ನು ಮಾತ್ರ ಸಂಜೆಯ ಮೇಲೆ ಯಾರೂ ಕಂಡಿಲ್ಲ. ವರ್ಷಗಳಿಂದ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬ್ರಾಂದಿಯ ಒಂದು ಟೆಟ್ರಾ ಪ್ಯಾಕು, ಊಟದ ಹೊತ್ತಿಗೆ ಇನ್ನೊಂದು, ಶಿಫ್ಟ್ ಮುಗಿದ ಮೇಲೆ ಲೆಕ್ಕವಿಲ್ಲ. ವಿಚಿತ್ರವೆಂದರೆ, ಒಳಗೆ ಒಂದಿಷ್ಟು ಬಿದ್ದಿದ್ದರೇ ಅವನ ಕೈ ನೆಟ್ಟಗಿರುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಮಾಲು ಬಿಟ್ಟು ಮಾಲೆ ಹಾಕಿದ. ಶಬರಿಮಲೆ ಮಾಲೆ. ಗುರುಸ್ವಾಮಿ ಕೃಷ್ಣಪ್ಪ ಕೊರಳಿಗೆ ಮಣಿಸರ ಹಾಕಿ, "ಇವತ್ತಿಂದ ಒಂದು ಹನೀನೂ ಇಲ್ಲ ಸ್ವಾಮಿ" ಅಂದರು. ಹೆಂಡತಿ ಕವನ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಮ್ಮ ಕಡೆ ಎಷ್ಟೋ ಜನ ಬಿಡೋದು ಹೀಗೇ. ಹೆಂಡತಿಗೂ ಸೂಪರ್‌ವೈಸರಿಗೂ ಹೆದರದವನು ಮಾಲೆಗೆ ಹೆದರುತ್ತಾನೆ.

ಮಾರನೇ ದಿನವೇ ಕೈ ನಡುಗತೊಡಗಿತು. ಆ ಕೈಗೆ ಕಬ್ಬಿಣ ಕೊಡೋಕಾಗಲ್ಲ ಅಂತ ಕಸ ಗುಡಿಸೋಕೆ ಹಾಕಿದರು. ಆಮೇಲೆ ಚಳಿಗಾಲದಲ್ಲೂ ಮೈಯೆಲ್ಲ ಬೆವರು, ಕರಿಪಂಚೆ ಒದ್ದೆ. ನಿದ್ದೆಯಿಲ್ಲ. ತಟ್ಟೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದ.

"ಸ್ವಾಮಿ ಮೈಮೇಲೆ ಬರೋ ಮುಂಚೆ ಹೀಗಾಗುತ್ತೆ. ಪುಣ್ಯವಂತ" ಅಂದರು ಕೃಷ್ಣಪ್ಪ. ಕೆಲಸಗಾರರು ಅವನ ಕಾಲಿಗೆ ಬಿದ್ದರು. ನಾನೂ ಬಿದ್ದೆ, ಎದ್ದು ಪಕ್ಕದವರಿಗೆ ಕಣ್ಣು ಹೊಡೆದೆ.

ಕೃಷ್ಣಪ್ಪನವರದು ಮೂಗಿನಿಂದ ಹೊರಟು ಕೊನೆಗೆ ಎಳೆಯುವ ದನಿ. ಇಂಥ ದನಿ ಸಿಕ್ಕರೆ ನನ್ನ ನಾಲಿಗೆ ಸುಮ್ಮನಿರದು. ಮೂರನೇ ದಿನ ಊಟದ ಹೊತ್ತಿನಲ್ಲಿ ಮರಳಗುಡ್ಡೆಯ ಹಿಂದೆ ಕೂತು ಅದೇ ದನಿ ತೆಗೆದೆ.

"ಪರಮೇಶ ಸ್ವಾಮೀ... ಅಕ್ಕಿ ಡಬ್ಬದ ಹಿಂದೆ ಒಂದು ಪ್ಯಾಕು ಇಟ್ಕೊಂಡಿದೀರಂತಲ್ಲಾ..."

ಪರಮೇಶ ಬುತ್ತಿ ಬಿಟ್ಟು ಎದ್ದ. "ಇಲ್ಲ ಗುರುಸ್ವಾಮಿ, ಚೆಲ್ಲಿಬಿಟ್ಟೆ. ಕವನನ ಆಣೆಗೂ."

"ಮೂಸಿ ಚೆಲ್ಲಿದ್ರೋ, ಹಂಗೇ ಚೆಲ್ಲಿದ್ರೋ..."

"ಮೂಸ್ದೆ. ತಪ್ಪಾಯ್ತು."

ಜನ ಬಿದ್ದು ಬಿದ್ದು ನಕ್ಕರು. ಗಾಡಿ ಡ್ರೈವರ್ ಆರಿಫ್‌ಗೆ ಮಜ್ಜಿಗೆ ನೆತ್ತಿಗೇರಿತು. ನಾನು ಈಚೆ ಬಂದು, "ನಾನೇ ಕಣೋ ಮಾರಾಯ" ಅಂದೆ.

ಪರಮೇಶ ನನ್ನ ಕಡೆ ತಿರುಗಲಿಲ್ಲ. ಮರಳಗುಡ್ಡೆಗೇ ಕೈಮುಗಿದು ನಿಂತಿದ್ದ. "ಹ್ಞೂಂ ಗುರುಸ್ವಾಮಿ. ಅದೂ ಬಿಡ್ತೀನಿ." ಸ್ವಲ್ಪ ಕಿವಿಗೊಟ್ಟು ಕೇಳಿ, ಮತ್ತೆ "ಹ್ಞೂಂ" ಅಂದ.

"ಬಸ್ ಕರ್ ಮಾರಾಯ, ಸಾಕು" ಅಂದ ಆರಿಫ್ ನನಗೆ.

"ನಾನು ಮಾಡ್ತಿಲ್ಲ."

ಒಬ್ಬೊಬ್ಬರದೇ ನಗು ನಿಂತಿತು. "ಬರ್ತೀನಿ, ಈಗ್ಲೇ ಬರ್ತೀನಿ" ಅನ್ನುತ್ತ ಪರಮೇಶ ಬರಿಗಾಲಲ್ಲಿ ಫರ್ನೇಸಿನ ಕಡೆ ನಡೆದ. ಆರಿಫ್ ಓಡಿಹೋಗಿ ಸೊಂಟ ಹಿಡಿದ. ಮೈ ಕಾದ ಹೆಂಚಿನಂತಿತ್ತು.

ಗೂಡ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟೆವು. "ಆಸ್ಪತ್ರೆ ಯಾಕೆ, ದೇವಸ್ಥಾನಕ್ಕೆ ಕರ್ಕೊಂಡು ಬನ್ನಿ" ಅಂದರು ಫೋನಿನಲ್ಲಿ ಕೃಷ್ಣಪ್ಪ. ಆರಿಫ್ ಗೇರ್ ಬದಲಿಸಿದ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಫಿಟ್ಸ್ ಬಂತು.

ಡಾಕ್ಟರ್ ವಿದ್ಯಾಶ್ರೀ ಮೊದಲು ಕೇಳಿದ್ದು ಎಷ್ಟು ಕುಡೀತಿದ್ರು ಅಂತಲ್ಲ, ಯಾವತ್ತು ನಿಲ್ಲಿಸಿದ್ರು ಅಂತ.

ಬಸ್ಸಿಳಿದು ಓಡಿಬಂದ ಕವನಳಿಗೆ ಅವರೇ ಬಿಡಿಸಿ ಹೇಳಿದರು. "ಕುಡಿತ ಮಿದುಳಿಗೆ ಬ್ರೇಕ್ ಇದ್ದಂಗಮ್ಮ. ವರ್ಷಗಟ್ಟಲೆ ಬ್ರೇಕ್ ಒತ್ತಿ ಹಿಡಿದ್ರೆ, ಗಾಡಿ ಓಡ್ಬೇಕಲ್ಲ ಅಂತ ಮಿದುಳು ಆಕ್ಸಿಲರೇಟರ್ ತುಳೀತಾನೇ ಹೋಗುತ್ತೆ. ಭಯ, ಗಾಬರಿ ಹುಟ್ಟಿಸೋ ಭಾಗ ಸದಾ ಎದ್ದೇ ಕೂತಿರುತ್ತೆ. ಈಗ ಬ್ರೇಕ್ ಒಂದನ್ನೇ ತಟ್ಟನೆ ತೆಗೆದ್ರಿ. ಅದಕ್ಕೇ ಈ ನಡುಕ, ಇಲ್ಲದ ದನಿ ಕೇಳೋದು ಎಲ್ಲ."

"ದೇವ್ರು ಬಂದಿದ್ದಲ್ವ ಮೇಡಂ?"

"ಅಲ್ಲಮ್ಮ. ಬಿಡೋದು ಒಳ್ಳೇದೇ. ಇಷ್ಟು ಕುಡಿಯೋರು ಡಾಕ್ಟರ್ ಹತ್ರ ಔಷಧಿ ತಗೊಂಡು ಬಿಡಬೇಕು. ಈಗ ಇಂಜೆಕ್ಷನ್ ಹೋಗದಿದ್ರೆ ಮತ್ತೆ ಫಿಟ್ಸ್ ಬರುತ್ತೆ. ಜೀವಕ್ಕೇ ಕಷ್ಟ."

ಇಂಜೆಕ್ಷನ್ ಹೋಗಬೇಕಾದರೆ ಅವನು ಕೈ ಕೊಡಬೇಕು. ಚುಚ್ಚಿದ್ದ ಸೂಜಿಯನ್ನೇ ಪರಮೇಶ ಕಿತ್ತೆಸೆದ, ಹಿಡಿಯಲು ಬಂದವರನ್ನು ಒದ್ದ. "ಗುರುಸ್ವಾಮಿ ಬೇಡ ಅಂತಿದಾರೆ" ಅಂತ ಎರಡೂ ಕೈ ಎದೆಗೆ ಕಟ್ಟಿಕೊಂಡ.

ಕವನ ನನ್ನ ತೋಳು ಹಿಡಿದಳು. "ಅಣ್ಣ, ಗುರುಸ್ವಾಮಿ ದನೀಲಿ ಮಾತಾಡ್ತೀರಂತಲ್ಲ. ಕೈ ಕೊಡು ಅಂತ ನೀವೇ ಹೇಳಿ."

ಮಂಚದ ಹಿಂದೆ ನಿಂತೆ. "ಪರಮೇಶ ಸ್ವಾಮೀ... ಕೈ ಚಾಚೀ..."

ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಕೃಷ್ಣಪ್ಪನವರ ಹೆಂಡತಿಯೂ ಓಗೊಡಬೇಕು, ಹಾಗೆ ಬಂತು.

ಪರಮೇಶ ಒದ್ದಾಟ ನಿಲ್ಲಿಸಿದ. ಮೆಲ್ಲಗೆ ಕತ್ತು ತಿರುಗಿಸಿ ನನ್ನನ್ನು ನೋಡಿದ, ಗುರುತೂ ಹಿಡಿದ.

"ನೀನೇನೋ ಮಾರಾಯ. ಬಿಡು, ನಿಂಗೆ ಬರಲ್ಲ. ಗುರುಸ್ವಾಮಿ ಅಲ್ಲೇ ಇದಾರೆ ನೋಡು." ತೋಳು ನೀಡಿ ಖಾಲಿ ಮೂಲೆ ತೋರಿಸಿದ. "ನಿನ್ನ ದನಿ ಮಾಡಿ ತೋರಿಸ್ತಿದಾರೆ. ಥೇಟ್ ನೀನೇ."

"ಏನಂತ?"

ಅವನು ನಗತೊಡಗಿದ. ನೀಡಿದ ತೋಳನ್ನು ನರ್ಸ್ ಹಿಡಿದುಕೊಂಡಳು. ಸೂಜಿ ಒಳಹೋದದ್ದು ಅವನಿಗೆ ತಿಳಿಯಲೇ ಇಲ್ಲ. "ಹೋಯ್ತು ಔಷಧಿ. ಇವತ್ತು, ನಾಳೆ ಕಳೀಲಿ, ಆಮೇಲೆ ನೋಡೋಣ" ಅಂದರು ಡಾಕ್ಟರ್. ಆರಿಫ್ ಉಸಿರು ಬಿಟ್ಟು ನಕ್ಕ, ಕವನ ಅಳುತ್ತಲೇ ನಕ್ಕಳು, ನಾನು ನಗುವವರ ಹಾಗೆ ಮಾಡಿದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಪರಮೇಶ, ಮೂಲೆಯಿಂದ ಕಣ್ಣು ಕೀಳದೆ.